ನೀರಿನ ದಾರಿಯಲ್ಲಿ ಒಂದು ಸೈಕಲ್

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಪಾಂಡವಪುರದ ಆಚೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತಿದ್ದೆ. ಹೆಗಲಿಗೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಗುದ್ದಲಿ ಹಿಡಿದ ಹಿರಿಯರೊಬ್ಬರು ಹತ್ತಿರ ಬಂದು ಸೈಕಲ್ಲಿನ ಬಾಗಿದ ಹ್ಯಾಂಡಲ್ಲನ್ನೂ ದಪ್ಪ ಟೈರನ್ನೂ ನೋಡಿದರು.

“ಅಲ್ಲ ಮಗ, ಅತ್ಲಾಗೆ ಟಾರ್ ರೋಡ್ ಅದೆ. ಅದ್ ಬುಟ್ಟು ಈ ಕಲ್ಲಲ್ಲಿ ಯಾಕ್ ತುಳೀತಿದ್ದೀಯೆ?”

“ಇದು ಇಂಥ ದಾರೀಲಿ ಓಡ್ಸೋಕೇ ಅಂತ ಮಾಡಿರೋ ಸೈಕಲ್ಲು ತಾತ” ಅಂದೆ.

“ಎಷ್ಟಾಯ್ತು?”

ಬೆಲೆ ಹೇಳಲು ನಾಚಿಕೆಯಾಗಿ ಸೆಕೆಂಡ್ ಹ್ಯಾಂಡ್ ಅಂದೆ. ಅವರು ನಕ್ಕರು. ಒಂದು ಕಾಲದಲ್ಲಿ ಅವರು ಇದೇ ನಾಲೆಯ ಸೌಡಿಯಾಗಿದ್ದವರು. ತೂಬು ಎತ್ತುವುದು, ಇಳಿಸುವುದು, ಏರಿ ಬಿರುಕು ಬಿಟ್ಟಿದೆಯೇ ಎಂದು ನೋಡುವುದು ಅವರ ಕೆಲಸ. “ಇದ್ರ ಮೇಲೆ ಮೂವತ್ ವರ್ಸ ನಡ್ದಿವ್ನಿ. ಒಂದ್ ದಿನಾನೂ ಚೆಂದಾಗದೆ ಅನ್ಸಿರ್ನಿಲ್ಲ” ಅಂದರು.

ಹಳೆಯ ಮೈಸೂರು ಸೀಮೆಯ ಕೆರೆ ಕಾಲುವೆಗಳನ್ನು ಯಾರು, ಹೇಗೆ ಕಾಪಾಡಿಕೊಂಡು ಬಂದರು ಎಂಬುದು ನನ್ನ ಪಿಎಚ್.ಡಿ. ವಿಷಯ. ವಾರವೆಲ್ಲ ಕಡತಗಳ ನಡುವೆ ಕೂತು, ಭಾನುವಾರ ಅದೇ ಕಾಲುವೆಗಳ ಮೇಲೆ ಸೈಕಲ್ ತುಳಿಯುವುದು ಎರಡು ವರ್ಷದ ಅಭ್ಯಾಸ. ಅದುವರೆಗೆ ಈ ಎರಡನ್ನೂ ನಾನು ಬೇರೆ ಬೇರೆ ಕೆಲಸ ಅಂದುಕೊಂಡಿದ್ದೆ.

ಗ್ರಾವೆಲ್ ಸೈಕ್ಲಿಂಗ್ ಎನ್ನುವುದು ಇತ್ತೀಚಿನ ಹುಚ್ಚು. ರಸ್ತೆಯಲ್ಲಿ ಓಡುವ ರೇಸ್ ಸೈಕಲ್ಲಿನ ಆಕಾರ, ಅದಕ್ಕಿಂತ ಅಗಲವಾದ ಟೈರು. ಬೆಟ್ಟದ ಸೈಕಲ್ಲಿನಂತೆ ಬಂಡೆ ಹಾರಬೇಕಿಲ್ಲ. ಜಲ್ಲಿ, ಗರಸು, ಮಣ್ಣಿನ ದಾರಿಯಲ್ಲಿ ದಿನವಿಡೀ ಸಾಗಿದರೆ ಸಾಕು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಸಣ್ಣ ಊರಿನಲ್ಲಿ 2006ರಲ್ಲಿ 34 ಜನ ಸೇರಿ ಶುರುಮಾಡಿದ ಓಟ ಇವತ್ತು ಈ ಆಟದ ದೊಡ್ಡ ಜಾತ್ರೆ. ಯುರೋಪಿನಲ್ಲಿ ಇದಕ್ಕೆ ಸಿಕ್ಕ ದಾರಿಗಳು ಇನ್ನೂ ಹಳೆಯವು. 1681ರಲ್ಲಿ ತೆರೆದ ಫ್ರಾನ್ಸಿನ ಕನಾಲ್ ದ್ಯು ಮಿದಿ ಸುಮಾರು 240 ಕಿಲೋಮೀಟರ್ ಉದ್ದ. ಅದರ ದಡದಲ್ಲಿ ಕುದುರೆಗಳು ಹಗ್ಗ ಕಟ್ಟಿಕೊಂಡು ದೋಣಿ ಎಳೆಯುತ್ತಿದ್ದ ದಾರಿಯಲ್ಲಿ ಈಗ ಪ್ರವಾಸಿಗರು ಸೈಕಲ್ ತುಳಿಯುತ್ತಾರೆ. ಸೈಕಲ್ ಸವಾರರು ಮೆಚ್ಚುವ ದಾರಿಗಳಲ್ಲಿ ಹಲವನ್ನು ಹಿಂದೆ ಯಾರೋ ದುಡಿಮೆಗಾಗಿ ಮಾಡಿದ್ದರು.

ನಮ್ಮಲ್ಲೂ ಹಾಗೆಯೇ. ಶ್ರೀರಂಗಪಟ್ಟಣದಿಂದ ನಾನು ಹೊರಡುವ ದಾರಿಯಲ್ಲಿ ಮೊದಲು ಸಿಗುವುದು ಚಿಕ್ಕದೇವರಾಯಸಾಗರ ನಾಲೆ. ಚಿಕ್ಕದೇವರಾಜ ಒಡೆಯರ (1673–1704) ಕಾಲದ್ದೆಂದು ಪ್ರತೀತಿ. ಎಡಬಲದಲ್ಲಿ ಗದ್ದೆ, ತೆಂಗು, ಅಲ್ಲಲ್ಲಿ ಕಬ್ಬು. ಇಪ್ಪತ್ತು ಕಿಲೋಮೀಟರ್ ತುಳಿದರೂ ಏದುಸಿರು ಬರುವುದಿಲ್ಲ. ಕಾರಣ ಸರಳ. ನೀರಿಗೆ ಏರು ಹತ್ತಲು ಬರುವುದಿಲ್ಲ; ಜೋರಾಗಿ ಇಳಿದರೆ ದಡ ಕೊರೆದುಬಿಡುತ್ತದೆ. ಹಾಗಾಗಿ ಕಾಲುವೆ ತೋಡುವವರು ದಿಣ್ಣೆ ಬಂದಲ್ಲಿ ಬಳಸಿ, ತಗ್ಗು ಬಂದಲ್ಲಿ ಏರಿ ಕಟ್ಟಿ, ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರನ್ನು ಮೈಲಿಗಟ್ಟಲೆ ಉಳಿಸಿಕೊಳ್ಳುತ್ತಾರೆ. ನೀರಿಗಾಗಿ ಪಟ್ಟ ಆ ಕಷ್ಟದ ಸುಖ ನನ್ನ ಮಂಡಿಗೆ ಸಿಗುತ್ತದೆ.

ಕೆರೆ ಏರಿಗಳ ಕತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಕೆರೆ ಕಟ್ಟಿಸಿದವರಿಗೆ ಕೊಟ್ಟ ಕಟ್ಟುಗೊಡಗೆ, ಕೆರೆಯ ಉಸ್ತುವಾರಿಗೆ ಬಿಟ್ಟ ಬಿತ್ತುವಟ್ಟ – ಈ ಮಾತುಗಳು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹೂಳು ಹೊತ್ತು ಏರಿಗೆ ಹಾಕುವ ಕೆರೆಬಂಡಿಗೆಂದೇ ಜಮೀನು ಬಿಟ್ಟದ್ದೂ ಉಂಟು. ಈಗಿನ ಆಂಧ್ರದ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಪಟ್ಟಿ ಮಾಡುತ್ತದೆ. ಎರಡು ವರ್ಷ, ದಿನಕ್ಕೆ ಸಾವಿರ ಆಳು, ನೂರು ಬಂಡಿ ಎಂಬ ಲೆಕ್ಕವನ್ನೂ ಕೊಡುತ್ತದೆ. ಆ ಸಾವಿರ ಆಳುಗಳಲ್ಲಿ ಒಬ್ಬರ ಹೆಸರೂ ಅದರಲ್ಲಿಲ್ಲ. ಆದರೂ ಏರಿ ಎಂದರೆ ಬರೀ ಮಣ್ಣಿನ ಗೋಡೆಯಲ್ಲ, ಅದರ ಮೇಲೆ ಬಂಡಿ ಓಡಬೇಕು, ಜನ ನಡೆಯಬೇಕು, ನಡೆದು ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ಈ ಶಾಸನಗಳ ಹಿಂದಿದೆ. ಊರಿನಲ್ಲಿ ಆ ಕೆಲಸ ಮಾಡುತ್ತಿದ್ದವನು ನೀರುಗಂಟಿ. ಸರ್ಕಾರಿ ನಾಲೆ ಬಂದ ಮೇಲೆ ಸೌಡಿ.

ಆ ತಾತ ನಡೆದ ನಾಲೆಗೆ ಮೊದಲು ಇದ್ದ ಹೆಸರು ಇರ್ವಿನ್ ನಾಲೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಒಣಭೂಮಿಗೆ ಹರಿಸಲು ಮಾಡಿದ್ದು. ಅಂದಿನ ವೈಸರಾಯ್ ಲಾರ್ಡ್ ಇರ್ವಿನ್ ಹೆಸರಿಟ್ಟು, ಸ್ವಾತಂತ್ರ್ಯ ಬಂದ ಮೇಲೆ ವಿಶ್ವೇಶ್ವರಯ್ಯನವರ ಹೆಸರಿಗೆ ಬದಲಾಯಿಸಿದರು. ಕಾವೇರಿ ಮತ್ತು ಶಿಂಷಾ ಕಣಿವೆಗಳ ನಡುವೆ ಅಡ್ಡ ಬಂದ ದಿಣ್ಣೆಯನ್ನು ದಾಟಿಸಲು ಹುಲಿಕೆರೆಯ ಬಳಿ ಸುರಂಗ ಕೊರೆದರು. ಉದ್ದ ಸುಮಾರು ಎರಡೂಮುಕ್ಕಾಲು ಕಿಲೋಮೀಟರ್. ಅಲ್ಲಿಗೆ ಬಂದಾಗ ನನ್ನ ಸಮತಟ್ಟು ದಾರಿ ಮುಗಿಯುತ್ತದೆ. ನೀರು ತಣ್ಣಗೆ ಗುಡ್ಡದೊಳಗೆ ಹೋಗುತ್ತದೆ, ನಾನು ಸೈಕಲ್ ತಳ್ಳಿಕೊಂಡು ಮೇಲೆ ಹತ್ತುತ್ತೇನೆ.

ನೀರು ಬಂದದ್ದು ಬರೀ ವರವಾಗಿ ಅಲ್ಲ. ಯಾವ ಜಮೀನಿಗೆ ಯಾವ ವರ್ಷ ಭತ್ತ, ಯಾವ ವರ್ಷ ಕಬ್ಬು, ಯಾವ ವರ್ಷ ಅರೆಖುಷ್ಕಿ ಬೆಳೆ ಎಂದು ಬ್ಲಾಕ್ ಪದ್ಧತಿ ಗೊತ್ತುಮಾಡುತ್ತಿತ್ತು. ಅದರ ಮೇಲೆ ನೀರಿನ ಕಂದಾಯ. 1931–32ರಲ್ಲಿ ಮಂಡ್ಯದ ರೈತರು ಇದರ ವಿರುದ್ಧ ಎದ್ದು ನಿಂತರು. ಇರ್ವಿನ್ ನಾಲಾ ಚಳವಳಿ ಎಂದು ನಾವು ಶಾಲೆಯಲ್ಲಿ ಒಂದು ಸಾಲಿನಲ್ಲಿ ಓದಿದ್ದು ಅದನ್ನೇ. 1933ರಲ್ಲಿ ಸಕ್ಕರೆ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ. ಹಸಿರು ನಾಡು ಎಂದು ನಾವು ಫೋಟೋ ತೆಗೆಯುವ ಇಡೀ ನೋಟ ನೂರು ವರ್ಷವೂ ಆಗದ ನಿರ್ಮಾಣ.

ಏರಿ ಮೇಲಿನ ದಾರಿಯನ್ನು ಇಂಜಿನಿಯರರು ತಪಾಸಣೆಗೆಂದು ಮಾಡಿದ್ದರು. ಕಾಲ್ನಡಿಗೆ, ಕುದುರೆ, ಹೆಚ್ಚೆಂದರೆ ಒಂದು ಜೀಪು. ಅಚ್ಚುಕಟ್ಟಿನಲ್ಲಿ ಊರುಗಳು ಬೆಳೆದವು. ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಹತ್ತಿರದ ದಾರಿ ನಾಲೆಯದ್ದೇ ಆಯಿತು. ಆದರೆ ಅಗಲ ಹೆಚ್ಚಲಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದೇ ರಾತ್ರಿ ಅಂಬರೀಷ್ ಹೋದರು. ಮಂಡ್ಯಕ್ಕೆ ಒಂದೇ ದಿನ ಎರಡು ಸೂತಕ.

ಆ ಸುದ್ದಿ ನನಗೆ ಗೊತ್ತಿತ್ತು. ಆದರೂ ಭಾನುವಾರದ ಸವಾರಿಯಲ್ಲಿ ಅದನ್ನು ನೆನೆದವನಲ್ಲ. ಅಷ್ಟೇಕೆ, ನಮ್ಮ ಸೈಕಲ್ ಗೆಳೆಯರ ಗುಂಪಿನಲ್ಲಿ “ಅಯ್ಯೋ, ಆ ಭಾಗಕ್ಕೂ ಟಾರು ಹಾಕಿಬಿಟ್ಟರಂತೆ” ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ನಮಗೆ ಜಲ್ಲಿ ಉಳಿಯಬೇಕಿತ್ತು.

ತಾತನಿಗೆ ಇದನ್ನು ಹೇಳಿಕೊಳ್ಳಲಿಲ್ಲ. ನಾಲೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ ಅಂದೆ. ಅವರು ಮುಂದಿನ ತಿರುವಿಗೆ ಕೈತೋರಿಸಿ, “ಬರೆಯೋನು ಅಲ್ಲಿ ಗೋಡೆ ಇಲ್ಲ ಅನ್ನೋದೂ ಬರಿ. ಬಿದ್ದೋರ್ನ ಎತ್ತಿದ್ದು ನಾವು” ಅಂದರು. ಯಾವ ಸಲ, ಯಾರನ್ನು ಎಂದು ನಾನು ಕೇಳಲಿಲ್ಲ. ಗುದ್ದಲಿ ಹೆಗಲಿಗೇರಿಸಿ, ಏರಿಯ ಅಂಚಿನ ಒಂದು ಗುಂಡಿಯನ್ನು ಕಾಲಿನಿಂದ ಒತ್ತಿ ನೋಡಿ, ಗದ್ದೆಗೆ ಇಳಿದರು. ಕೆಲಸ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆ ಕಾಲಿಗೆ ಅಭ್ಯಾಸ ತಪ್ಪಿರಲಿಲ್ಲ.

ತಿರುವಿಗೆ ಹೋಗಿ ಸೈಕಲ್ ಇಳಿದೆ. ಹಿಂದೆ ಒಂದಷ್ಟು ದೂರ ತಡೆಗೋಡೆ ಇತ್ತು, ಅಲ್ಲಿ ಇರಲಿಲ್ಲ. ನಾಲೆ ತುಂಬಿ ಹರಿಯುತ್ತಿತ್ತು. ಒಂದು ಟಿವಿಎಸ್ ಎಕ್ಸೆಲ್ ಮೇಲೆ ಮೂವರು, ನಡುವೆ ಯೂನಿಫಾರ್ಮಿನ ಹುಡುಗಿ, ನನ್ನನ್ನು ದಾಟಿ ಹೋದರು. ನಾನು ನೀರಿನ ಕಡೆ ನಿಂತು ಅವರಿಗೆ ದಾರಿ ಬಿಟ್ಟೆ.

ಗೆಳೆಯರಿಗೆ ಹಂಚುವ ನಕ್ಷೆಯಲ್ಲಿ ಇದುವರೆಗೆ ಟೀ ಅಂಗಡಿ, ನೆರಳು, ಚೆಂದದ ಸೂರ್ಯೋದಯ ಎಲ್ಲಿ ಎಂದು ಗುರುತು ಹಾಕುತ್ತಿದ್ದೆ. ಈಗ ಗೋಡೆ ಇಲ್ಲದ ಜಾಗಗಳನ್ನೂ ಗುರುತು ಹಾಕುತ್ತಿದ್ದೇನೆ. ಶ್ರೀರಂಗಪಟ್ಟಣದಿಂದ ಹುಲಿಕೆರೆಯವರೆಗೆ ಮುಗಿಸಿದ ಮೇಲೆ ಆ ಪಟ್ಟಿಯನ್ನು ಒಂದು ಅರ್ಜಿಯ ಜೊತೆ ನೀರಾವರಿ ಕಚೇರಿಗೆ ಕೊಡಬೇಕು. ಪ್ರಬಂಧದಲ್ಲಿ ಸೌಡಿಗಳಿಗೆ ಒಂದು ಅಧ್ಯಾಯ ಇಟ್ಟಿದ್ದೇನೆ. ಅದನ್ನು ಕಡತಗಳಿಂದ ಮಾತ್ರ ಬರೆಯಲಾಗದು. ಮುಂದಿನ ಭಾನುವಾರ ಸೈಕಲ್ಲನ್ನು ಊರಲ್ಲಿ ಬಿಟ್ಟು, ತಾತ ಒಪ್ಪಿದರೆ, ಅವರ ಜೊತೆ ಆ ಏರಿಯನ್ನು ನಡೆದೇ ನೋಡಬೇಕು ಅಂದುಕೊಂಡಿದ್ದೇನೆ.