ಎಣಿಕೆಗೆ ಸಿಗುವ ಕನ್ನಡ

ಭಾಷೆಯನ್ನು ಆಡುವವರುಂಟು, ಹಾಡುವವರುಂಟು. ಎಣಿಸುವವರೂ ಉಂಟೇ ಎಂದು ತಾವು ಕೇಳಬಹುದು. ಉಂಟು. ಯಾವ ಪದ ಎಷ್ಟು ಸಲ ಬರುತ್ತದೆ, ಯಾವ ಅಕ್ಷರದ ಪಕ್ಕದಲ್ಲಿ ಯಾವ ಅಕ್ಷರ ಕೂರುತ್ತದೆ ಎಂದು ಲೆಕ್ಕವಿಟ್ಟು ನುಡಿಯ ಗುಣವನ್ನು ಅರಿಯುವ ಶಾಸ್ತ್ರವೊಂದು ಬೆಳೆದು ಬಂದಿದೆ. ದಿನವಿಡೀ ದಿರ್ಹಮ್ ಲೆಕ್ಕದಲ್ಲಿ ಮುಳುಗಿರುವ ನಾವು, ಸಂಘದ ಹುಟ್ಟುಹಬ್ಬದ ಈ ಶುಭ ಸಂದರ್ಭದಲ್ಲಿ ಕನ್ನಡದ ಲೆಕ್ಕವನ್ನೂ ಒಮ್ಮೆ ನೋಡೋಣ.

ಈ ಕೆಲಸ ಗಣಕಯಂತ್ರದಿಂದ ಆರಂಭವಾದುದಲ್ಲ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ಅದರಲ್ಲಿ ಸುಮಾರು 70,000 ಪದಗಳು. ಮುಂದೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ವಿದ್ವಾಂಸರು ಶಾಸನ, ಕಾವ್ಯಗಳಿಂದ ಪದಗಳನ್ನು ಹೆಕ್ಕಿ ಚೀಟಿಗಳಲ್ಲಿ ಬರೆದು ಜೋಡಿಸಿದರು. ಮೊದಲ ಸಂಪುಟ ಬಂದದ್ದು 1970ರಲ್ಲಿ, ಎಂಟನೆಯದು 1995ರಲ್ಲಿ. ಪ್ರೊ. ಜಿ. ವೆಂಕಟಸುಬ್ಬಯ್ಯನವರಂಥವರು ಬಾಳಿನ ಬಹುಭಾಗವನ್ನೇ ಈ ಕೆಲಸಕ್ಕೆ ಕೊಟ್ಟರು.

ಆ ಹೊತ್ತಿಗೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗಣಕಯಂತ್ರ ಇನ್ನೊಂದು ಎಣಿಕೆಗೆ ತೊಡಗಿತ್ತು. ಐಎಎಸ್ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಐರಾವತಂ ಮಹಾದೇವನ್ ಸಿಂಧೂ ಲಿಪಿಯ ಬರಹಗಳನ್ನೆಲ್ಲ ಸಂಕೇತ ಸಂಖ್ಯೆಗಳಾಗಿ ಯಂತ್ರಕ್ಕೆ ಊಡಿಸಿ, 1977ರಲ್ಲಿ 417 ಚಿಹ್ನೆಗಳ ಪಟ್ಟಿಯನ್ನು ಪ್ರಕಟಿಸಿದರು. ಕೊಡದಂತಿರುವ ಒಂದು ಚಿಹ್ನೆ ಎಲ್ಲಕ್ಕಿಂತ ಹೆಚ್ಚು ಸಲ, ಬಹುಪಾಲು ಬರಹದ ಕೊನೆಯಲ್ಲಿ ಬರುತ್ತದೆಂಬುದು ಆ ಎಣಿಕೆಯಿಂದ ಸ್ಪಷ್ಟವಾಯಿತು. ಕನ್ನಡವನ್ನೇ ಅರಿಯದವನೊಬ್ಬ ನಮ್ಮ ಪುಸ್ತಕವೊಂದನ್ನು ಎಣಿಸಿದರೂ ‘ಗಳು’, ‘ಅಲ್ಲಿ’, ‘ಇಂದ’ ಪದಗಳ ತುದಿಗೇ ಬರುತ್ತವೆಂದು ಕಂಡುಕೊಂಡಾನಲ್ಲವೇ, ಹಾಗೆ. ಲಿಪಿಯ ಅರ್ಥ ಇಂದಿಗೂ ಬಿಡಿಸಲಾಗಿಲ್ಲ. ಅದರ ನಡೆ ಮಾತ್ರ ತಿಳಿಯಿತು.

ಆ ಜನ ನಮಗಿಂತ ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಈ ಕಡಲು ದಾಟಿ ಬಂದವರು. ಅವರ ಸರಕುಗಳ ಕುರುಹು ಅಬುಧಾಬಿಯ ಉಮ್ಮ್ ಅನ್ ನಾರ್ ನೆಲೆಯಲ್ಲೂ ಸಿಕ್ಕಿದೆ. ಅವರ ಬರಹದ ಮಡಕೆ ಚೂರೊಂದು ನೆರೆಯ ಒಮಾನಿನಲ್ಲಿ ದೊರೆತಿದೆ. ಬರೆದಿಟ್ಟದ್ದರಿಂದಲೇ ಅವರು ಇಂದು ಎಣಿಕೆಗೆ ಸಿಗುತ್ತಾರೆ.

ಮಹಾದೇವನ್ ಅವರ ಆ ಕೆಲಸದಲ್ಲಿ ಕೈಜೋಡಿಸಿದವರು ನಮ್ಮ ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಎಂಬುದು ಹೆಮ್ಮೆಯ ಸಂಗತಿ. ಮುಂದೆ ಅವರು ಕನ್ನಡಕ್ಕೊಂದು ಕೀಲಿಮಣೆಯನ್ನು ರೂಪಿಸಿದರು. ಇಂಗ್ಲಿಷಿನ 26 ಕೀಲಿಗಳಲ್ಲೇ, ಉಚ್ಚಾರಣೆಗೆ ಹೊಂದುವಂತೆ ಕನ್ನಡದ ಎಲ್ಲ ಅಕ್ಷರಗಳೂ ಮೂಡುತ್ತವೆ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಒತ್ತಿದರಾಯಿತು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗಾಗಿ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ‘ನುಡಿ’ ತಂತ್ರಾಂಶದ ವಿನ್ಯಾಸಕ್ಕೂ ಇದೇ ಆಧಾರ.

1990ರ ದಶಕದಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ಸುಮಾರು 30 ಲಕ್ಷ ಪದಗಳ ಕನ್ನಡ ಪಠ್ಯವನ್ನು ಗಣಕಕ್ಕೆ ಸೇರಿಸಿತು. ಇಂಥ ಸಂಗ್ರಹವನ್ನು ಎಣಿಸುವಾಗ ಕನ್ನಡದ್ದೇ ಒಂದು ತೊಡಕಿದೆ. ‘ಮನೆ’, ‘ಮನೆಯಲ್ಲಿ’, ‘ಮನೆಗಳಿಂದಲೂ’ ನಮಗೆ ಒಂದೇ ಮನೆ. ಯಂತ್ರಕ್ಕೆ ಮೂರು ಬೇರೆ ಪದ. ಪ್ರತ್ಯಯ ಬಿಡಿಸುವ ವ್ಯಾಕರಣವನ್ನು ಅದಕ್ಕೆ ಕಲಿಸಬೇಕು. ಕಲಿಸಲು ಬೇಕಾದದ್ದು ಹೇರಳವಾದ ಕನ್ನಡ ಬರಹ.

ಇಲ್ಲಿ ನಮ್ಮ ಮಾತು ಬರುತ್ತದೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರು 4 ಕೋಟಿ 37 ಲಕ್ಷ. ಆ ಲೆಕ್ಕದಲ್ಲಿ ದುಬೈ, ಅಬುಧಾಬಿಯ ನಾವಿಲ್ಲ. ಅದು ದೇಶದೊಳಗಿದ್ದವರ ಗಣತಿ. ಆದರೆ ಬರಹದ ಎಣಿಕೆಗೆ ಗಡಿಯಿಲ್ಲ, ವೀಸಾ ಬೇಡ. ಈಚೆಗೆ ಒಂದು ವಾರ ನಮ್ಮ ಮನೆಯವರ ಫೋನ್ ಸಂದೇಶಗಳನ್ನು ಎಣಿಸಲು ಕೂತೆವು. ಮಾತೆಲ್ಲ ಕನ್ನಡವೇ, ಅಕ್ಷರ ಮಾತ್ರ ಇಂಗ್ಲಿಷ್. ‘ಊಟ ಆಯ್ತಾ’ ಎಂಬುದನ್ನೇ ನಾಲ್ವರು ನಾಲ್ಕು ಬಗೆಯಲ್ಲಿ ಬರೆದಿದ್ದೆವು. ಕನ್ನಡ ಲಿಪಿಯಲ್ಲಿ ಬರೆದಿದ್ದವರು ಊರಿನಲ್ಲಿರುವ ಅಜ್ಜಿಯೊಬ್ಬರೇ. ಮಕ್ಕಳನ್ನು ಗದರಿಸಲು ಹೊರಟ ನಾವು ಸುಮ್ಮನಾದೆವು. ಕಲಿಸಬೇಕಾದವರೇ ಹಾಗೆ ಬರೆಯುತ್ತಿದ್ದೆವಲ್ಲ.

ಆದ್ದರಿಂದ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಸ್ಮರಣ ಸಂಚಿಕೆಗೆ ಪ್ರತಿ ಮನೆಯಿಂದ ಒಂದು ಪುಟ ಬರಲಿ. ಕುಂದಾಪುರದ್ದಾಗಲಿ, ಧಾರವಾಡದ್ದಾಗಲಿ, ಕಾಸರಗೋಡಿನದ್ದಾಗಲಿ, ಮನೆಯಲ್ಲಿ ಆಡುವ ಕನ್ನಡವೇ ಇರಲಿ. ಮಕ್ಕಳು ಕನ್ನಡ ಅಕ್ಷರದಲ್ಲೇ ಟೈಪ್ ಮಾಡಲಿ, ದೊಡ್ಡವರು ಪಕ್ಕದಲ್ಲಿ ಕೂತು ಕಾಗುಣಿತ ಹೇಳಲಿ. ಮರಳ ನಾಡಿನ ಈ ಕನ್ನಡವೂ ಲೆಕ್ಕಕ್ಕೆ ಸೇರಲಿ.