ದುರಸ್ತಿಯ ನಂತರ ಕಾರಿನ ಡ್ರೈವ್ ಶಾಫ್ಟ್ ಮರುಜೋಡಣೆ: ವಾಹನ ಮಾಲೀಕರಿಗೆ ಮಾಹಿತಿ

ಕ್ಲಚ್, ಗೇರ್‌ಬಾಕ್ಸ್ ಅಥವಾ ಚಕ್ರದ ಬೇರಿಂಗ್ ದುರಸ್ತಿಗಾಗಿ ಡ್ರೈವ್ ಶಾಫ್ಟನ್ನು ಬಿಚ್ಚಬೇಕಾಗುತ್ತದೆ. ನೋಂದಣಿ ನವೀಕರಣಕ್ಕೆ ಮುನ್ನ ಹಳೆಯ ಕಾರುಗಳನ್ನು ದುರಸ್ತಿ ಮಾಡಿಸುವ ಮಾಲೀಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ಮಾರುತಿ 800, ಆಲ್ಟೋ, ಸ್ಯಾಂಟ್ರೋ ಮುಂತಾದ ಮುಂಚಕ್ರ ಚಾಲಿತ ಕಾರುಗಳಿಗೆ ಅನ್ವಯಿಸುತ್ತದೆ.

ಡ್ರೈವ್ ಶಾಫ್ಟ್ ಎಂದರೇನು?
ಗೇರ್‌ಬಾಕ್ಸಿನಿಂದ ಮುಂದಿನ ಚಕ್ರಗಳಿಗೆ ಶಕ್ತಿಯನ್ನು ಸಾಗಿಸುವ ಉಕ್ಕಿನ ದಂಡವೇ ಡ್ರೈವ್ ಶಾಫ್ಟ್. ಇದರ ಎರಡೂ ತುದಿಗಳಲ್ಲಿ ಗ್ರೀಸ್ ತುಂಬಿದ ಜಾಯಿಂಟ್‌ಗಳಿದ್ದು, ಅವುಗಳಿಗೆ ರಬ್ಬರ್ ಬೂಟಿನ ಹೊದಿಕೆ ಇರುತ್ತದೆ. ಬೂಟ್ ಹರಿದಲ್ಲಿ ಗ್ರೀಸ್ ಹೊರಚೆಲ್ಲಿ, ಧೂಳು ಮತ್ತು ನೀರು ಒಳಸೇರಿ ಜಾಯಿಂಟ್ ಸವೆಯುತ್ತದೆ.

ಜೋಡಣೆಯ ಕ್ರಮ
1. ವಾಹನವನ್ನು ಸಮತಟ್ಟಾದ ಸ್ಥಳದಲ್ಲಿ ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸತಕ್ಕದ್ದು. ಕೇವಲ ಜಾಕ್ ಆಧಾರದಲ್ಲಿ ವಾಹನದ ಕೆಳಗೆ ಹೋಗಬಾರದು.
2. ಶಾಫ್ಟಿನ ಹಲ್ಲುಗಳನ್ನು ಶುಚಿಗೊಳಿಸಿ, ಬೂಟ್ ಮತ್ತು ಅದರ ಕ್ಲಾಂಪ್‌ಗಳನ್ನು ಪರಿಶೀಲಿಸಬೇಕು. ಒಳತುದಿಗೆ ಹೊಸ ಸರ್ಕ್ಲಿಪ್ ಅಳವಡಿಸುವುದು ಸೂಕ್ತ.
3. ಗೇರ್‌ಬಾಕ್ಸಿನ ಆಯಿಲ್ ಸೀಲಿನ ಅಂಚಿಗೆ ತೆಳುವಾಗಿ ಗ್ರೀಸ್ ಸವರಬೇಕು. ಶಾಫ್ಟನ್ನು ನೇರವಾಗಿ ಹಿಡಿದು ಒಳಸೇರಿಸಬೇಕು. ಹಲ್ಲುಗಳು ಸೀಲನ್ನು ಗೀರಿದರೆ ಆಯಿಲ್ ಸೋರುತ್ತದೆ.
4. ಸರ್ಕ್ಲಿಪ್ ತನ್ನ ಸ್ಥಾನದಲ್ಲಿ ಕೂರುವವರೆಗೆ ಒತ್ತಬೇಕು. ಬಳಿಕ ಒಳಗಿನ ಜಾಯಿಂಟಿನ ಹೊರಕವಚವನ್ನು ಹಿಡಿದು ಮೃದುವಾಗಿ ಎಳೆದು, ಅದು ಹೊರಬರುವುದಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ದಂಡವನ್ನೇ ಎಳೆದಲ್ಲಿ ಜಾಯಿಂಟ್ ಒಳಗೇ ಬೇರ್ಪಡುವ ಸಂಭವವಿದೆ.
5. ಹೊರತುದಿಯನ್ನು ಚಕ್ರದ ಹಬ್ಬಿಗೆ ಸೇರಿಸುವಾಗ ಶಾಫ್ಟ್ ಜೋತುಬೀಳದಂತೆ ಆಧಾರ ನೀಡಬೇಕು. ಬಿಚ್ಚಿದ್ದ ಬಾಲ್ ಜಾಯಿಂಟನ್ನು ಮರಳಿ ಬಿಗಿಗೊಳಿಸಬೇಕು.
6. ವಾಷರ್ ಇರಿಸಿ, ಒಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಹಬ್ ನಟ್ಟನ್ನು ತಯಾರಕರ ಕೈಪಿಡಿಯಲ್ಲಿನ ಪ್ರಮಾಣಕ್ಕೆ ಟಾರ್ಕ್ ರೆಂಚಿನಿಂದ ಬಿಗಿಗೊಳಿಸತಕ್ಕದ್ದು. ನಂತರ ಮಾದರಿಗೆ ಅನುಗುಣವಾಗಿ ಹೊಸ ಕಾಟರ್ ಪಿನ್ ಹಾಕಬೇಕು ಅಥವಾ ನಟ್ಟಿನ ಅಂಚನ್ನು ಗಾಡಿಗೆ ತಟ್ಟಿ ಕೂರಿಸಬೇಕು. ತಟ್ಟಿ ಕೂರಿಸುವ ನಟ್ಟನ್ನು ಮರುಬಳಸಬಾರದು.
7. ಗೇರ್ ಆಯಿಲನ್ನು ಮಟ್ಟ ಸೂಚಿಸುವ ರಂಧ್ರದವರೆಗೆ ತುಂಬಿಸಬೇಕು.

ವಿಶೇಷ ಎಚ್ಚರಿಕೆ: ಹಬ್ ನಟ್ ಬಿಗಿಗೊಳಿಸದೆ ವಾಹನದ ಭಾರವನ್ನು ಚಕ್ರದ ಮೇಲೆ ಹಾಕಕೂಡದು ಹಾಗೂ ವಾಹನವನ್ನು ಚಲಾಯಿಸಕೂಡದು. ಬೇರಿಂಗ್ ಹಾಳಾಗುವುದಲ್ಲದೆ, ಸಡಿಲ ನಟ್ಟಿನಿಂದ ಚಕ್ರವು ತನ್ನ ಹಿಡಿತ ಕಳೆದುಕೊಳ್ಳಬಹುದು.

ಪರೀಕ್ಷಾ ಚಾಲನೆ
ತೆರವಾದ ಸ್ಥಳದಲ್ಲಿ ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ಣ ತಿರುಗಿಸಿ ನಿಧಾನವಾಗಿ ಓಡಿಸಬೇಕು. ತಿರುವಿನಲ್ಲಿ ಟಕಟಕ ಶಬ್ದ ಬಂದರೆ ಹೊರಗಿನ ಜಾಯಿಂಟ್ ಸವೆದಿರುವ ಸಾಧ್ಯತೆ ಇದೆ. ವೇಗ ಹೆಚ್ಚಿಸುವಾಗ ನಡುಕ ಕಂಡರೆ ಒಳಗಿನ ಜಾಯಿಂಟನ್ನು ಪರೀಕ್ಷಿಸಬೇಕು. ನಿಲ್ಲಿಸಿದ ನಂತರ ಆಯಿಲ್ ಸೋರಿಕೆ ನೋಡಬೇಕು.

ಕಾನೂನಿನ ಅಂಶಗಳು
ಅದೇ ಮಾದರಿಯ ಬಿಡಿಭಾಗದ ಬದಲಾವಣೆಯು ವಾಹನದ ಮೂಲ ಸ್ವರೂಪವನ್ನು ಬದಲಿಸುವುದಿಲ್ಲ. ಆದುದರಿಂದ ಇದು ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರ ಮಾರ್ಪಾಡು ಎನಿಸುವುದಿಲ್ಲ. ಆದರೆ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಕಲಂ 190ರಡಿ ದಂಡನೀಯ. ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಬಹುದಾಗಿದ್ದ ದೋಷಕ್ಕೂ ಇದು ಅನ್ವಯಿಸುವುದರಿಂದ, ತಿಳಿದಿರಲಿಲ್ಲವೆಂಬ ಸಮಜಾಯಿಷಿ ಸಾಲದು. ಚಲಾಯಿಸಲು ಅವಕಾಶ ನೀಡಿದ ಮಾಲೀಕರೂ ಹೊಣೆಗಾರರಾಗುತ್ತಾರೆ.

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನವೀಕರಣಕ್ಕೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ದುರಸ್ತಿಯನ್ನು ಈ ಅವಧಿಗೆ ಮೊದಲೇ ಪೂರೈಸಿಕೊಂಡಲ್ಲಿ, ತಪಾಸಣೆಗೆ ಮುನ್ನ ಕೆಲ ದಿನ ಓಡಿಸಿ ಸೋರಿಕೆ ಹಾಗೂ ಶಬ್ದವನ್ನು ಗಮನಿಸಲು ಸಮಯ ದೊರೆಯುತ್ತದೆ.

ದುರಸ್ತಿ ಮಾಡಿಸಿದವರು ಬಿಡಿಭಾಗಗಳ ವಿವರವುಳ್ಳ ರಶೀದಿಯನ್ನು ತಪ್ಪದೆ ಪಡೆದು, ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ನೋಡತಕ್ಕದ್ದು. ಟಾರ್ಕ್ ರೆಂಚ್ ಮತ್ತು ಕೈಪಿಡಿ ಇಲ್ಲದವರು ಈ ಕೆಲಸವನ್ನು ನುರಿತ ಮೆಕ್ಯಾನಿಕ್‌ಗೆ ವಹಿಸುವುದು ಒಳಿತು.