ವೀಸಾ ಇಲ್ಲದೆ ಲಂಡನ್ನಿಗೆ

ಲಂಡನ್ ನೋಡಿ ಬರೋಣ ಅಂದ್ರೆ ಈಗ ಬ್ಯಾಂಕ್ ಸ್ಟೇಟ್‌ಮೆಂಟು, ಬೆರಳಚ್ಚು, ಆಮೇಲೆ ಕಾಯೋದು. 1986ರವರೆಗೆ ಭಾರತದ ಪ್ರವಾಸಿಗರು ಊರಲ್ಲೇ ವೀಸಾ ಪಡೆಯಲೇಬೇಕು ಅಂತಿರಲಿಲ್ಲ ಅಂದರೆ ನಂಬ್ತೀರಾ? ಟಿಕೆಟ್ ಕೊಂಡು ವಿಮಾನ ಹತ್ತಿದರಾಯ್ತು. ಪರೀಕ್ಷೆಯೆಲ್ಲ ಹೀಥ್ರೂನಲ್ಲಿ: ಎಷ್ಟು ದಿನ, ಯಾರ ಮನೆ, ಕೈಯಲ್ಲೆಷ್ಟು ದುಡ್ಡು? ಅಧಿಕಾರಿಗೆ ಅನುಮಾನ ಬಂದರೆ ವಾಪಸ್.

ಆದರೆ ಅಲ್ಲೊಂದು ಕಿಂಡಿಯಿತ್ತು. ಹೊರಗೆ ಕಾಯುತ್ತಿದ್ದ ನೆಂಟರು ತಮ್ಮ ಕ್ಷೇತ್ರದ ಎಂಪಿಯನ್ನು ಹಿಡಿಯೋರು. ಎಂಪಿ ಮಧ್ಯೆ ಬಂದರೆ ವಾಪಸ್ ಕಳಿಸೋದು ಸದ್ಯಕ್ಕೆ ನಿಲ್ಲುತ್ತಿತ್ತು.

1986ರಲ್ಲಿ ಥ್ಯಾಚರ್ ಸರ್ಕಾರ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಘಾನಾ, ನೈಜೀರಿಯಾದವರಿಗೆ ವೀಸಾ ಕಡ್ಡಾಯವೆಂದು ಸಾರಿತು. ಅಕ್ಟೋಬರಿನ ಗಡುವಿಗೆ ಮುಂಚೆ ತಲುಪಿಬಿಡೋಣ ಅಂತ ನಮ್ಮವರು ನುಗ್ಗಿ, ಹೀಥ್ರೂ ಕಿಕ್ಕಿರಿಯಿತು. ಹೀಥ್ರೂ ನೂಕುನುಗ್ಗಲು ತಪ್ಪಿಸೋಕೆ ಅಂತ ಸರ್ಕಾರದ ಸಮಜಾಯಿಷಿ. ಇರಬಹುದು. ಆದರೆ ಮದ್ರಾಸಿನ ಕಚೇರಿಯಲ್ಲಿ 'ಇಲ್ಲ' ಅನ್ನಿಸಿಕೊಂಡವನಿಗೆ ಹೊರಗೆ ಯಾವ ನೆಂಟ, ಯಾವ ಎಂಪಿ? 1987ರ ಕಾಯ್ದೆ ವೀಸಾ ಇಲ್ಲದವರನ್ನು ಕರೆತಂದ ವಿಮಾನ ಕಂಪನಿಗೆ ತಲೆಗೆ 1000 ಪೌಂಡ್ ದಂಡ ಹಾಕಿತು. ಅಲ್ಲಿಗೆ ಬೊಂಬಾಯಿಯ ಟಿಕೆಟ್ ಕೌಂಟರಿನವನೂ ಬ್ರಿಟನ್ನಿನ ಕಾವಲುಗಾರನಾದ.

ಹಾಗಂತ ನಾವೇನೂ ಬಾಗಿಲು ತೆರೆದಿಟ್ಟು ಕೂತಿರಲಿಲ್ಲ. ಪಂಜಾಬ್ ಹೊತ್ತಿ ಉರಿಯುತ್ತಿದ್ದ 1984ರಲ್ಲೇ ದೆಹಲಿ ಬ್ರಿಟಿಷರಿಗೆ ವೀಸಾ ಕಡ್ಡಾಯ ಮಾಡಿತ್ತು.